ಒಂಬತ್ತನೆಯ ಕೈಮರ

ಪಂಚಾಯಿತಿ ಕೊಟ್ಟದ್ದು ಹದಿನಾಲ್ಕು ಬಾಣ,
ಹಳದಿ ಬಣ್ಣ ಒಂದು ಡಬ್ಬಿ, ಸಿಮೆಂಟು ಅರ್ಧ ಚೀಲ,
ಜೊತೆಗೆ ಎರಡು ಸಾಲು ಉದ್ದದ ಒಂದು ಹುದ್ದೆಯ ಹೆಸರು.
ಅಮ್ಮ ಅದನ್ನು ಮೊಟಕು ಮಾಡಿದಳು:
ನಮ್ಮ ಎಲಾಡಿಯೊ ಕಂಬ ನೆಡುತ್ತಾನೆ.

ಗಲೀಸಿಯಾದ ಈ ತುದಿಗೆ ಬಸ್ಸು ವಾರಕ್ಕೆ ಮೂರು ಸಲ.
ಇಳಿದವರಿಗೆ ಕಡಲು ಯಾವ ಕಡೆ ಎಂದು ತೋರಿಸಬೇಕೆ?
ಕಣ್ಣು ಮುಚ್ಚಿದರೂ ಮೂಗಿಗೆ ಗೊತ್ತು.
ಆದರೂ ಬರೆದೆ: ದೀಪಸ್ತಂಭ, ಎರಡು ಕಿಲೋಮೀಟರ್.
ಬರೆದೆ: ಕೂಗುವ ಗವಿ, ಉಬ್ಬರದ ಹೊತ್ತು ಇಳಿಯಬಾರದು.
ಬರೆದೆ: ಕೋಟೆದಿಬ್ಬ, ಏಳುನೂರು ಮೀಟರ್.
ರೋಮಿನವರು ಬರುವ ಮೊದಲಿನ ಮನೆಗಳು, ಎಲ್ಲವೂ ದುಂಡಗೆ,
ಮೊಣಕಾಲೆತ್ತರದ ಗೋಡೆ, ಒಳಗೆ ಜರೀಗಿಡ.
ಮೂಲೆಯೇ ಇಲ್ಲದ ಮನೆಯಲ್ಲಿ
ಮುನಿಸಿಕೊಂಡವರು ಹೋಗಿ ಕೂರುತ್ತಿದ್ದುದು ಎಲ್ಲಿ?
ಅದನ್ನೆಲ್ಲ ಬರೆಯಲು ಬಾಣದಲ್ಲಿ ಜಾಗವಿಲ್ಲ.

ಎಂಟು ಕಂಬ ನೆಟ್ಟಗೆ ನಿಂತವು.
ಒಂಬತ್ತನೆಯದು ಒಬ್ದೂಲಿಯಾಳ ಆಲೂಗಡ್ಡೆ ಹೊಲದ ಅಂಚಿಗೆ,
ದಾರಿ ಕವಲೊಡೆಯುವಲ್ಲಿ:
ಎಡಕ್ಕೆ ಭೂಶಿರ, ಬಲಕ್ಕೆ ಆಕೆಯ ಅಂಗಳ.
ಮಂಗಳವಾರ ನಾನು ಎಡಕ್ಕೆ ಬಿಗಿದು ಹೋದ ಬಾಣ
ಬುಧವಾರ ಬಲಕ್ಕೆ ನೋಡುತ್ತಿತ್ತು.

ಗಾಳಿ, ಎಂದಳು.
ಗಾಳಿಗೆ ಸ್ಪ್ಯಾನರು ಎಲ್ಲಿಂದ ಸಿಕ್ಕಿತು, ಎಂದೆ.
ಈ ಗಾಳಿಗೆ ಏನು ತಾನೆ ಸಿಕ್ಕಿಲ್ಲ, ಎಂದಳು,
ಮೂರು ಹಡಗು, ಚರ್ಚಿನ ಒಂದು ಗಂಟೆ,
ನನ್ನ ಮದುವೆಯ ಹಾಸಿಗೆ ಬಟ್ಟೆ.

ಬೋಲ್ಟಿನ ಮೈಮೇಲೆಲ್ಲ ಇಕ್ಕಳ ಕಚ್ಚಿದ ಗಾಯ.

ಹಿಡಿದೇ ಬಿಡೋಣವೆಂದು ಒಂದು ಬೆಳಗ್ಗೆ
ಹಳದಿ ಹೂವಿನ ಮುಳ್ಳುಪೊದೆಯ ಹಿಂದೆ ಕೂತೆ.
ಬಂದರು ಹಾಲೆಂಡಿನ ಗಂಡಹೆಂಡಿರು, ಉದ್ದುದ್ದ ಕಾಲಿನವರು,
ಬಾಣಕ್ಕೆ ವಿಧೇಯರಾಗಿ ಬಲಕ್ಕೆ ತಿರುಗಿದರು.
ಅಂಗಳದಲ್ಲಿ ಕಲ್ಲುಕಾಲಿನ ಮೇಲೆ ಕಲ್ಲಿನ ಪೆಟ್ಟಿಗೆ,
ಮಾಡಿನ ತುದಿಗೆ ಶಿಲುಬೆ.
ಗಂಡ ಟೋಪಿ ತೆಗೆದು, ದನಿ ತಗ್ಗಿಸಿ ಕೇಳಿದ:
ಯಾರ ಸಮಾಧಿ?
ಮೆಕ್ಕೆಜೋಳದ್ದು, ಎಂದಳು ಒಬ್ದೂಲಿಯಾ,
ಇಲಿ ಹತ್ತಬಾರದಲ್ಲ, ಅದಕ್ಕೆ ಕಾಲು.
ಶಿಲುಬೆ? ಇಲಿಗೆ ಬಗ್ಗದವಕ್ಕೆ.

ಅವರು ನಕ್ಕು ಮುಗಿಸುವವರೆಗೆ ಕಾದು
ಒಗೆಯುವ ತೊಟ್ಟಿಯ ಹತ್ತಿರ ಕರೆದೊಯ್ದಳು,
ಹೆಂಡತಿಯ ಕೈ ಹಿಡಿದು ನೀರಿಗಿಳಿಸಿದಳು,
ಬಟ್ಟೆ ಉಜ್ಜುವ ಚಪ್ಪಡಿಯ ಅಡಿಗೆ.
ನೋಡುವುದಕ್ಕೆ ಆಗುವುದಿಲ್ಲ. ಮುಟ್ಟು.

ಆ ಹೆಂಗಸು ಏನೂ ಹೇಳಲಿಲ್ಲ.
ತೋಳು ಮೊಣಕೈವರೆಗೆ ನೀರಿನಲ್ಲಿ,
ಮುಖ ಮಾತ್ರ ಎಲ್ಲೋ ದೂರ ನಡೆದು ಹೋಗುತ್ತಿತ್ತು.

ಎಲಾಡಿಯೊ, ಮುಳ್ಳಿನಲ್ಲಿ ಕೂತು ಮೊಟ್ಟೆಯಿಡುತ್ತಿದ್ದೀಯ?
ಬಾ, ನೀನೂ ಬಾ.

ಮೊದಲು ತಣ್ಣಗೆ, ಆಮೇಲೆ ಪಾಚಿ,
ಆಮೇಲೆ ಬೆರಳು ಒಂದು ಗೀರಿನೊಳಗೆ ಜಾರಿತು.
ಅಕ್ಷರ. ಪಕ್ಕದಲ್ಲಿ ಇನ್ನೊಂದು. ನಾಲ್ಕು, ಮತ್ತೆ ಅರ್ಧ.
ಮಾತು ತಿಳಿಯಲಿಲ್ಲ, ಕೈ ತಿಳಿಯಿತು:
ಮೂರನ್ನು ಸಾವಧಾನವಾಗಿ ಕೊರೆದಿದ್ದಾನೆ,
ನಾಲ್ಕನೆಯದು ಅವಸರದ್ದು.
ಅಕ್ಷರಕ್ಕಿಷ್ಟು ಎಂದು ಕೂಲಿಯಿತ್ತೇನೊ,
ಮಳೆ ಬಂತೇನೊ, ಮೇಸ್ತ್ರಿ ಬಂದನೇನೊ.

ನನ್ನ ಅಜ್ಜಿಯ ಅಮ್ಮ ಮಗುಚಿ ಹಾಕಿದ್ದು, ಎಂದಳು,
ಬಟ್ಟೆ ಅಕ್ಷರಕ್ಕೆ ಸಿಕ್ಕಿ ಹರಿಯುತ್ತಿತ್ತಂತೆ.
ವಸ್ತುಸಂಗ್ರಹಾಲಯಕ್ಕೆ ಹೇಳಿದರೆ? ಎಂದೆ.
ಹೇಳು. ವ್ಯಾನು ಬರುತ್ತದೆ, ಕಲ್ಲು ಹೋಗುತ್ತದೆ.
ಸೋಮವಾರದ ಬಟ್ಟೆಯನ್ನು ನಿನ್ನ ಬೆನ್ನ ಮೇಲೆ ಒಗೆಯಲೆ?

ಹಾಲೆಂಡಿನವರು ಕೊನೆಗೆ ಭೂಶಿರಕ್ಕೂ ಹೋದರು.
ಸಂಜೆ ನೋಡಿದೆ: ಸೊಂಟಕ್ಕೆ ಹಗ್ಗ ಬಿಗಿದವರು
ಎರಡು ಅಲೆಗಳ ನಡುವಿನ ಉಸಿರಿನಲ್ಲಿ
ಬಂಡೆಯಿಂದ ಚಿಪ್ಪು ಕಿತ್ತು ಓಡುವುದನ್ನು
ಎಲ್ಲರೂ ಫೋಟೊ ತೆಗೆಯುತ್ತಿದ್ದರು.
ಆ ಹೆಂಗಸು ಮಾತ್ರ ಒದ್ದೆ ತೋಳನ್ನು
ಇನ್ನೂ ಒರೆಸಿಕೊಂಡಿರಲಿಲ್ಲ.

ವರದಿಯಲ್ಲಿ ಬರೆದೆ: ಒಂಬತ್ತನೆಯ ಕಂಬ, ಗಾಳಿ ಜೋರು.
ಸ್ಪ್ಯಾನರು ತೊಟ್ಟಿಯ ಅಂಚಿನ ಮೇಲೆ ಮರೆತು ಬಂದಿದ್ದೆ.
ಬುಧವಾರ ಹೋಗಿ ತರೋಣವೆಂದುಕೊಂಡೆ.
ಇದು ಮೂರನೆಯ ಬುಧವಾರ.
ಬೋಲ್ಟಿಗೆ ಹೊಸ ಗಾಯವಿಲ್ಲ.