ಎಡಗಡೆ ಕೆಳಗಿನ ಮೂಲಿ

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ
ನಮ್ಮ ಶೆಡ್ಡಿನ ಬಲಕ್ಕ ದಾಲ್ ಮಿಲ್, ಹಿಂದ ಇನ್ನೊಂದು ದಾಲ್ ಮಿಲ್.
ಗಾಳಿ ತಿರುಗಿತಂದ್ರ ತೊಗರಿ ಹೊಟ್ಟು
ಹೇಳದ ಕೇಳದ ಒಳಗ ಬಂದು ಕೂಡ್ತದ,
ಮೀಟರಿನ ಮ್ಯಾಲ, ಚಹಾದ ಮ್ಯಾಲ,
ನನ್ನ ರಿಜಿಸ್ಟರಿನ ಮ್ಯಾಲ.

ನಾವು ಬಸ್ಸಿಗೆ ಹಲಗಿ ಅಂಟಸ್ತೀವಿ.
ಸ್ಕ್ರೂ ಇಲ್ಲ, ರಿವೆಟ್ ಇಲ್ಲ, ಬರೀ ಟೇಪು:
ಎರಡೂ ಮಗ್ಗಲಿಗೆ ಅಂಟು, ನಡುವ ಸ್ಪಂಜಿನಂಥಾ ಕರೀ ಮಾಂಸ.
ಹೊಸಬ್ರು ನಗತಾರ, "ಟೇಪಿನ ಮ್ಯಾಲ ಬಸ್ಸೇನ್ರಿ ಅಕ್ಕೋರ?"
ಅಂಟಿಸಿದ ತುಂಡೊಂದು ಕೈಗೆ ಕೊಟ್ಟು, ಕೀಳು ಅಂತೀನಿ.
ಕಿತ್ತೂ ಕಿತ್ತೂ ಬೆವರ್ತಾರ.

ಕೀಳೋದೇ ನನ್ನ ಕೆಲಸ.
ಮೂರು ದಿನ ಹಿಡೀಲಿಕ್ಕ ಬಿಟ್ಟು
ಸ್ಪ್ರಿಂಗ್ ತಕ್ಕಡಿ ಕೊಕ್ಕಿ ಹಾಕಿ ಎಳೀತೀನಿ.
ನಡುವ ಹರದು ಎರಡೂ ಕಡೆ ಕರೀದು ಉಳದ್ರ ಪಾಸ್.
ಒಂದು ಕಡೆ ಲೋಹ ಕನ್ನಡಿಯಂಗ ಹೊಳದ್ರ,
ಏನೂ ಹತ್ತಿಲ್ಲದಂಗ, ಯಾರೂ ಬಂದೇ ಇಲ್ಲದಂಗ,
ಕೆಂಪು ಪೆನ್ನು.

ಬಿಸಲು ನಲವತ್ಮೂರಕ್ಕ ಏರಿದಾಗ
ಕೆಂಪು ಪೆನ್ನಿನ ಶಾಯಿ ಮುಗೀಲಿಕ್ಕ ಬಂತು.
ದಿನಾ ಒಂದೇ ಜಾಗ: ಎಡಗಡೆ ಕೆಳಗಿನ ಮೂಲಿ.
ಅಂಬಾರಾಯ ಅಂದ, ಟೇಪೇ ಖೋಟಾ ಅದ.
ಟೇಪಿಗೆ ಮೂಲಿ ಗೊತ್ತಿರ್ತದೇನೋ?
ಹೊಟ್ಟಿನ ಮ್ಯಾಲ ಅನುಮಾನ ಪಟ್ಟು ಕಿಟಕಿಗೆ ಪರದೆ ಹೊಡಿಸ್ದೆ.
ಶೇಂಗಾ ಹಿಂಡಿ ಮ್ಯಾಲ ಅನುಮಾನ ಪಟ್ಟು
ಊಟ ಆದಮ್ಯಾಲ ಎಲ್ಲಾರ ಕೈ ಎರಡೆರಡು ಸಲ ತೊಳಿಸ್ದೆ.
ಖಾಜಾಬಿ ಬೈದಳು, "ನೀ ಏನು ನಮ್ಮ ಅತ್ತ್ಯೇನು?"
ಮೂಲಿ ಬಿಡೋದು ಬಿಡಲಿಲ್ಲ.

ಒಂದಿನ ಮಧ್ಯಾಹ್ನ, ಸ್ಪಿರಿಟ್ ಒರಸಿದ ಹಲಗಿಯೊಂದನ್ನ
ಟೇಪ್ ಹಚ್ಚೋ ಮೊದಲೇ ತಡದು
ನೀರು ಸಿಂಪಡಿಸ್ದೆ.
ಸ್ವಚ್ಛ ಮೈ ಮ್ಯಾಲ ನೀರು ಒಂದೇ ಹಾಳಿಯಂಗ ಹಾಸ್ತದ.
ಹಾಸ್ತು. ಹಾಸ್ಕೋತ ಬಂದು ಎಡಮೂಲ್ಯಾಗ ಒಡೀತು.
ಹನಿ ಹನಿ ಆಗಿ ಅಲ್ಲಿ ನಿಂತಿದ್ದು
ಒಂದು ಅಂಗೈ.
ನಾಕು ಬಟ್ಟು. ಹೆಬ್ಬಟ್ಟು ಸ್ವಲ್ಪ ಆಚಿಗಿ.
ಒಣಗಿದ ಮ್ಯಾಲ ಏನೂ ಇರಲಿಲ್ಲ.

ಮರುದಿನ ಕಂಬದ ಹಿಂದ ನಿಂತು ನೋಡ್ದೆ.
ಜಗದೇವಿ ಒರಸ್ತಾಳ, ಹೇಳಿಕೊಟ್ಟಂಗೇ ಒಂದೇ ದಿಕ್ಕಿಗೆ,
ಒಣಾ ಬಟ್ಟಿಲೆ ಮತ್ತೊಮ್ಮೆ.
ಬಲಗೈ ದೂರದ ರೋಲಿಗೆ ಚಾಚೋ ಮುಂದ
ಎಡಗೈ ಹಲಗಿಗೆ ಊರತಾಳ,
ಬೆವರಿಗೆ ತೊಯ್ದ ಗ್ಲೌಸಿನ ಕೈ,
ಉಸಿರು ಹಿಡದು, ಸೊಂಟ ಹಿಂದಕ್ಕ ಮಾಡಿ.
ಸೆರಗು ಅಷ್ಟು ಅಗಲ ಹೊದ್ದಿದ್ದು
ಹೊಟ್ಟಿಗೆ ಅಂತ ತಿಳಕೊಂಡಿದ್ದೆ.
ಹೊಟ್ಟಿಗೇ. ತೊಗರಿದಲ್ಲ.
ಆರೋ, ಏಳೋ ತಿಂಗಳು.
ಗುತ್ತೇದಾರಗ ಗೊತ್ತಾದ್ರ
ನಾಳಿಂದ ಬರಬ್ಯಾಡ ಅಂತಾನ, ಅಷ್ಟೇ ಅವನ ಕಾಯ್ದೆ.

ವರದ್ಯಾಗ ಒಂದು ಖಾನಿ ಅದ: ಮೂಲ ಕಾರಣ.
ಮೂರು ಬಟ್ಟು ಅಗಲ ಇಲ್ಲ.
ಪೆನ್ನಿನ ಮುಚ್ಚಳ ತಗದೆ, ಹಾಕಿದೆ, ತಗದೆ.
ಸುಳ್ಳು ಬರೀಲಿಕ್ಕ ನನಗ ಕೈ ಬರಂಗಿಲ್ಲ,
ಬಂದಿದ್ರ ಇಷ್ಟೊತ್ತಿಗೆ ಎಲ್ಲೋ ಇರ್ತಿದ್ದೆ.
ಬರದೆ: ಟೇಬಲ್ ಎತ್ತರ ಆರು ಇಂಚು ಕಡಿಮಿ. ರೋಲಿನ ಸ್ಟ್ಯಾಂಡ್ ದೂರ.
ಪರಿಹಾರ: ಗ್ಲೌಸ್ ತಾಸಿಗೊಮ್ಮೆ ಬದಲಿ.
ಕೆಳಗ, ಜಾಗ ಸಾಲದ, ಸಣ್ಣ ಅಕ್ಷರದಾಗ: ಒಂದು ಸ್ಟೂಲ್.
ಇದೂ ಖರೇನೇ. ಅಳತಿ ಪಟ್ಟಿ ಹಿಡದು ನೋಡ್ದೆ, ಖರೇನೇ.

ಸ್ಟೂಲ್ ಬಂತು, ಒಂಬತ್ತು ದಿನಕ್ಕ, ಒಂದು ಕಾಲು ಗಿಡ್ಡ.
ಟೇಪಿನ ಡಬ್ಬಿ ರಟ್ಟು ಮಡಚಿ ಅದರ ಕೆಳಗ ಇಟ್ಟಳು.
ಆ ವಾರದ ಹಲಗಿ ಎಳದೆ.
ತಕ್ಕಡಿ ಮುಳ್ಳು ಹೋಗೋತನಕ ಹೋತು.
ಮೂಲಿ ಬಿಡಲಿಲ್ಲ, ನಡುವ ಹರೀತು,
ಈ ಕಡೆ ಕರೀದು, ಆ ಕಡೆ ಕರೀದು.

ಜಗದೇವಿ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಊಟದ ಹೊತ್ತಿಗೆ ಮಾವಿನಕಾಯಿ ಹೋಳೊಂದು
ಉಪ್ಪು ಖಾರ ಹಚ್ಚಿ ನನ್ನ ಮುಂದ ಹಿಡದಳು.
"ತಿನ್ರಿ ಅಕ್ಕೋರ,
ಕೈ ತೊಳಕೊಂಡೀನಿ,
ಎರಡ್ ಸಲ."