ಕ್ಯಾಚ್, ಕಾಟ್, ಕಾಟ್

ಬೈತಖೋಲ ಶಾಲೆ, ಏಳನೇ ಇಯತ್ತೆ.
ಬೋರ್ಡಿನ ಮೇಲೆ ಬರೆದೆ: ಕ್ಯಾಚ್, ಕಾಟ್, ಕಾಟ್.
ಕ್ಯಾಚ್ಡ್ ಅನ್ನಬಾರದು.
ಕಾಟ್‌ನೊಳಗಿನ ಜಿ, ಎಚ್
ತಾರ್ಲೆಯ ಮುಳ್ಳಿದ್ದಂತೆ,
ತಟ್ಟೆಯಲ್ಲಿರಬೇಕು, ಗಂಟಲಿಗೆ ತಾಗಬಾರದು.

ಚೆಂಡು ಹಿಡಿ, ಕಳ್ಳನ ಹಿಡಿ, ಬಸ್ಸು ಹಿಡಿ,
ಎಲ್ಲಕ್ಕೂ ಇದೇ.
ನೆಗಡಿಗೂ ಇದೇ, ಆದರೆ ಇಂಗ್ಲಿಷಿನಲ್ಲಿ
ನೆಗಡಿಯನ್ನು ನಾವು ಹಿಡಿಯುತ್ತೇವೆ.
"ಅದೇ ನಮ್ಮನ್ನ ಹಿಡೀತದಲ್ಲ ಸರ್?"
ಮೂಗೊರೆಸಿಕೊಂಡ ವಿಠೋಬ.

ಅಪ್ಪ ಬಂಗಡೆ ಹಿಡಿದನು: ಅನುವಾದಿಸಿ.
ಶೇವಂತಿ ಹರಿಕಂತ್ರ ಬರೆದಿದ್ದಳು,
ಬಂಗಡೆ ಕೇಮ್ ಟು ಫಾದರ್.
ಕೆಂಪು ಗೀಟು ಎಳೆದೆ.
ಗೀಟನ್ನೇ ನೋಡುತ್ತ ಅಂದಳು:
"ದೋಣಿ ದಡಕ್ಕೆ ಬಂದ್ರೆ
ಏನು ಹಿಡಿದೆ ಅಂತ ಯಾರೂ ಕೇಳೂದಿಲ್ಲ ಸರ್,
ಏನು ಸಿಕ್ತು ಅಂತಾರೆ.
ನಿನ್ನೆ ಸಿಗಲಿಲ್ಲ.
ಹಿಡೂಕೆ ಅಪ್ಪಂಗೆ ಬರ್ತದೆ."

ಗಂಟೆ ಹೊಡೆಯಿತು.
ಗೀಟು ಅಳಿಸಲಿಲ್ಲ, ಪರೀಕ್ಷೆಯಲ್ಲಿ ಗೀಟೇ ಸರಿ.
ಹೆದ್ದಾರಿಗೆ ಓಡಿದೆ, ಚಪ್ಪಲಿಯೊಳಗೆ ಮರಳು.
ಐದೂ ಹತ್ತರ ಅಂಕೋಲಾ ಬಸ್ಸು
ಬಿಣಗಾ ಕಡೆ ತಿರುಗಿ
ಬೆನ್ನಿನ ಜಾಹೀರಾತನ್ನಷ್ಟೇ ತೋರಿಸಿತು.
ಮನೆಗೆ ಫೋನು ಮಾಡಿದೆ.
ತಡ ಆಗ್ತದೆ,
ಬಸ್ಸು ಸಿಗಲಿಲ್ಲ.