ಹನ್ನೆರಡು ದಿನದ ಕುದುರೆ

ತೊಡೆಯ ಮೇಲೆ ಬಣ್ಣಗಳ ಪುಸ್ತಕ ಬಿಡಿಸಿಕೊಂಡು
ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತಿದ್ದಾನೆ
ಕೃಷಿ ಕಚೇರಿಯ ನಕಾಜೊನೊ. ಹೊಸ ಬೂಟು.
ದಂಡೆಯ ಮೇಲೆ ನಾನು, ಚಹಾದ ಫ್ಲಾಸ್ಕಿನೊಂದಿಗೆ.

ಈ ಮೂಡಣ ಮೂಲೆಯ ಗೊಬೊ ಗಡ್ಡೆ
ನೆಟ್ಟಗೆ ಇಳಿಯದೆ ಪ್ರತಿ ವರ್ಷ
ಎರಡು ಕಾಲು ಬಿಡುತ್ತದೆ.
ಕಾನೊಯಾ ಪೇಟೆಯಲ್ಲಿ ಕಾಲಿರುವ ಬೇರನ್ನು
ಯಾರೂ ಕೈಯಲ್ಲಿ ಮುಟ್ಟುವುದಿಲ್ಲ.
ಯಾಕೆಂದು ಒಮ್ಮೆ ನೋಡಿಬಿಡಿ ಎಂದಿದ್ದೆ.

ಮೊದಲು ಕಪ್ಪು.
ಎರಡು ಗೇಣು ದಪ್ಪ, ಹುರಿಹಿಟ್ಟಿನಷ್ಟು ಹಗುರ,
ಹಿಸುಕಿದರೆ ಬೆರಳಿಗೆ ಸಣ್ಣಗೆ ಜಿಡ್ಡು,
ಒಣಗಿದರೆ ಗಾಳಿಯ ಪಾಲು.
ಚಿಟಿಕೆ ತೆಗೆದು ಕಾಗದದ ಮೇಲೊತ್ತಿ
ಸೀಸೆಯಿಂದ ಒಂದು ಹನಿ ಬಿಟ್ಟ.
ಸುಳ್ಳು ಸಿಕ್ಕಿಬಿದ್ದ ಮುಖದ ಹಾಗೆ ಕಾಗದ ಕೆಂಪಾಯಿತು.
"ಬೂದಿಮಣ್ಣು ಚಿಜುರು ಅವರೇ. ರಂಜಕ ಹಾಕಿದಷ್ಟೂ
ಬಿಗಿದಿಟ್ಟುಕೊಳ್ಳುತ್ತೆ, ಬೆಳೆಗೆ ಬಿಡೋದಿಲ್ಲ."
ಗೊತ್ತಪ್ಪಾ.
ಮೂವತ್ತೆಂಟು ವರ್ಷ ಗೊಬ್ಬರದ ಬಿಲ್ಲು ಕಟ್ಟಿದವಳು.
ನಮ್ಮತ್ತೆಯ ತಗಡಿನ ಡಬ್ಬಿಗೆ ಹಾಕಿದ ಕಾಸೂ ಹೀಗೇ,
ಒಳಗೆ ಹೋಗುವ ಸದ್ದು ಮಾತ್ರ ಕೇಳುತ್ತಿತ್ತು.

ಕಪ್ಪು ಮುಗಿದಲ್ಲಿ ಚಾಕುವಿನಲ್ಲಿ ಕೊಯ್ದಂತೆ ಕಿತ್ತಳೆ.
ಅಕಾಹೊಯಾ. ತೆಂಕಣ ಕಡಲೊಳಗೆ ಬೆಟ್ಟವೊಂದು ಸಿಡಿದು
ಏಳು ಸಾವಿರ ಚಿಲ್ಲರೆ ವರ್ಷದ ಹಿಂದೆ
ಬಂದು ಬಿದ್ದದ್ದು, ಮೊಳದಷ್ಟು.
ಬೇರುಗಳು ಇದರ ಹೊಸಿಲ ತನಕ ಬಂದು
ಒಳಗೆ ಯಾರೋ ಮಲಗಿದ್ದಾರೆಂಬಂತೆ
ಪಕ್ಕಕ್ಕೆ ತಿರುಗಿಕೊಂಡಿವೆ.
ಅದರಡಿ ಮತ್ತೆ ಕಪ್ಪು, ಇನ್ನೂ ಗಟ್ಟಿ, ತೇವ.
"ಇದೂ ಒಂದು ಕಾಲಕ್ಕೆ ಮೇಲ್ಮಣ್ಣು," ಎಂದ.
ಯಾರ ಹೊಲ?
"ಹುಲ್ಲಿನದ್ದು."
ಬಿಳಿಯ ಶಿರಾಸು ಇನ್ನೂ ಕೆಳಗೆ. ಯಂತ್ರದ ತೋಳು ಮುಟ್ಟಲಿಲ್ಲ.
ಜೂನಿನ ಮಳೆಗೆ ಕಣಿವೆಯಂಚು ಜರಿದಾಗ ಕಂಡಿದ್ದೇನೆ,
ಒದ್ದೆ ಸಕ್ಕರೆಯಂತೆ ನಿಂತನಿಂತಲ್ಲೇ ಕರಗುವುದನ್ನು.

"ಅರೆ," ಎಂದ ಆಮೇಲೆ.
ಮೂರು ಗೋಡೆಯಲ್ಲಿ ಇಲ್ಲದ್ದು ನಾಲ್ಕನೆಯದರಲ್ಲಿತ್ತು:
ಮೇಲಿನ ಕಪ್ಪಿನ ನಡುವೆ ಅಂಗೈ ದಪ್ಪದ ಬೂದು ಪಟ್ಟಿ,
ಹುರಿಗಡಲೆ ಗಾತ್ರದ ಟೊಳ್ಳು ಕಲ್ಲುಗಳು.
ಬೊರಾ. ಸಕುರಾಜಿಮಾ ಉಗುಳಿದ್ದು.
ಗೋಡೆಯ ಅರ್ಧಕ್ಕೆ ಬಂದು ಪಟ್ಟಿ ನಿಂತಿತ್ತು,
ನೇರ, ಗುದ್ದಲಿಯ ಏಟಿನಷ್ಟು ನೇರ.

ಅತ್ತೆ ಫುಸಾ ಈ ಮನೆ ತುಂಬಿದ ಚಳಿಗಾಲ.
ಮೇಲಿನ ಕಪ್ಪನ್ನು ಬದಿಗೆಳೆದು, ಬೊರಾ ಕೆತ್ತಿ, ಜರಡಿಯಾಡಿ,
ಕಪ್ಪನ್ನು ಮತ್ತೆ ಹೊದಿಸಿ,
ಗಾಡಿಗೆ ತುಂಬಿ ಬದುವಿಗೆ ಸುರಿದರು.
ಎಳೆಯಲು ಸಕೋದರ ಕುದುರೆ,
ಕೇಳಿ ತಂದದ್ದು, ಹನ್ನೆರಡು ದಿನಕ್ಕೆ.
ಹದಿಮೂರನೆಯ ದಿನ ಅದು ಮನೆಗೆ ಹೋಯಿತು.
ಮೂಲೆ ಉಳಿಯಿತು.
ಇನ್ನೊಂದು ದಿನ ಕೇಳಿದ್ದರೆ ಕೊಡುತ್ತಿದ್ದೆವು
ಎಂದು ಸಕೋದ ಮುದುಕ ಸಾಯುವವರೆಗೂ ಅಂದ.
ಅತ್ತೆ ಕೇಳಲಿಲ್ಲ.
ಯಾಕೆಂದು ನಾನೂ ಕೇಳಲಿಲ್ಲ.

ನಕಾಜೊನೊ ಪೆನ್ಸಿಲು ಕಚ್ಚಿಕೊಂಡ.
ಅವನ ಹಾಳೆಯಲ್ಲಿ ಬಣ್ಣಕ್ಕೆ, ಗಡಸಿಗೆ, ತೇವಕ್ಕೆ, ಬೇರಿಗೆ
ಬೇರೆಬೇರೆ ಮನೆಗಳಿದ್ದವು.
"ಕದಡಿದ ಪದರ" ಎಂದು ಬರೆದು
ಸ್ವಲ್ಪ ಹೊತ್ತು ನೋಡಿ,
"ಕುದುರೆ" ಎಂದು ಸಣ್ಣಗೆ ಸೇರಿಸಿದ.

ಯಂತ್ರಕ್ಕೆ ಇದು ಅರ್ಧ ಗಂಟೆಯ ಕೆಲಸವಂತೆ.
ಬೊರಾ ಈಗ ಚೀಲಕ್ಕೆ ಹಾಕಿ ಮಾರುತ್ತಾರಂತೆ,
ಪಟ್ಟಣದವರ ಆರ್ಕಿಡ್ ಕುಂಡಗಳಿಗೆ.
ಎಷ್ಟು ಸಿಗುತ್ತದೆ? ಎಂದೆ.
ಅವನು ಹೇಳಿದ ಬೆಲೆ ಕೇಳಿ
ಬದುವಿನುದ್ದಕ್ಕೂ ಕಳೆ ಬೆಳೆದು ಬಿದ್ದಿರುವ
ಆ ಹನ್ನೆರಡು ದಿನಗಳನ್ನು ತಿರುಗಿ ನೋಡಿದೆ.

ಸಂಜೆ ಗುಂಡಿ ಮುಚ್ಚಿದೆವು, ತೆಗೆದದ್ದಕ್ಕೆ ಉಲ್ಟಾ:
ಹಳೆಯ ಕಪ್ಪು, ಕಿತ್ತಳೆ, ಹೊಸ ಕಪ್ಪು.
ಆದರೂ ಮೇಲೆ ಅಲ್ಲಲ್ಲಿ ಕಿತ್ತಳೆ ಮೆತ್ತಿಕೊಂಡಿತು.
ಬೂಟು ಕೊಡವಿ ಚಹಾ ಕುಡಿದು ಹೊರಟ ಹುಡುಗನಿಗೆ
ಎರಡು ಕಾಲಿನ ಗೊಬೊ ಒಂದು ಕಟ್ಟು ಕೊಟ್ಟೆ.
ರುಚಿಗೇನೂ ಕಮ್ಮಿಯಿಲ್ಲ,
ಸಿಪ್ಪೆ ಹೆರೆಯುವಾಗ ತೊಡೆಯ ಸಂದಿ ನೋಡಿಕೋ,
ಅಲ್ಲೇ ಮಣ್ಣು ಕೂತಿರುತ್ತದೆ.